ಸೆಗಣಿ ಗ್ಯಾಸಿನ ಪಾಲು

ಹಿರೇಗುತ್ತಿಯ ರಸ್ತೆ ಬದಿಯಲ್ಲಿ ಚಹಾದಂಗಡಿ ನಡೆಸುತ್ತಿದ್ದ ಈರಪ್ಪ, 1963ರ ದೀಪಾವಳಿ ಕಳೆದ ಮೇಲೆ ಅಂಗಡಿಯ ಹಿಂದೆ ಸೆಗಣಿ ಗ್ಯಾಸಿನ ಟಾಕಿ ಕಟ್ಟಿಸಿದ. ಆಳದ ಗುಂಡಿ, ಅದರ ಮೇಲೆ ಬೋರಲು ಹಾಕಿದ ಕಬ್ಬಿಣದ ಡ್ರಮ್ಮು. ಊರಿಗೆ ಅದೇ ಮೊದಲು. ಆದರೆ ಅವನಲ್ಲಿದ್ದದ್ದು ಎರಡೇ ದನ. ಅಷ್ಟು ಸೆಗಣಿಗೆ ಗ್ಯಾಸು ತುಂಬಿ ಡ್ರಮ್ಮು ಮೇಲೇಳುವಂತಿರಲಿಲ್ಲ. ಬೇಲಿಯಾಚೆಯ ಮನೆ ಅವನ ತಂಗಿ ಸೀತೆಯದು. ಅವಳ ಕೊಟ್ಟಿಗೆಯಲ್ಲಿ ನಾಲ್ಕು ಎಮ್ಮೆಗಳಿದ್ದವು.

“ಸೆಗಣಿ ನಿಂದು, ಟಾಕಿ ನಂದು. ಗ್ಯಾಸು ಅರ್ಧರ್ಧ,” ಎಂದ ಈರಪ್ಪ. “ಪೈಪು ನಿನ್ನ ಒಲೆ ತನಕ ಎಳಸ್ತೆ. ಸೌದೆ ಇನ್ನು ತುಟ್ಟಿ ಆಗೂದೇ, ನೋಡ್ತಾ ಇರು.”

ಹೊಗೆ ಕುಡಿದು ಸೀತೆಯ ಕಣ್ಣು ಸದಾ ಕೆಂಪಾಗಿರುತ್ತಿತ್ತು. ಮರುದಿನದಿಂದಲೇ ಅವಳು ದಿನಕ್ಕೆ ಎರಡು ಬುಟ್ಟಿ ಸೆಗಣಿ ಹೊತ್ತಳು.

“ಗದ್ದೆಗೆ ಎಂತ ಹಾಕೂದು?” ಎಂದು ಗಂಡ ಜಟ್ಟಿ ಗೊಣಗಿದ.

“ಟಾಕಿಯಿಂದ ಹೊರಬೀಳೂ ಗೊಬ್ರ ವಾಪಸ್ ಕೊಡ್ತ. ಅಣ್ಣ ಅಲ್ದಾ ಅವ,” ಎಂದು ಸೀತೆ ಮಾತು ಮುಗಿಸಿದಳು.

ಚಹಾದಂಗಡಿಯ ಒಲೆಯಲ್ಲಿ ನೀಲಿ ಬೆಂಕಿ ಹತ್ತಿದ ದಿನ ಅವಳೂ ಹೋಗಿ ನೋಡಿದಳು. ಹೊಗೆಯಿಲ್ಲ, ಬೂದಿಯಿಲ್ಲ. ಮನೆಗೆ ಬಂದವಳೇ ಅಡುಗೆಮನೆಯ ಗೋಡೆಗೆ ಪೈಪು ನುಸುಳುವಷ್ಟು ತೂತು ಕೊರೆದಳು.

ಈರಪ್ಪ ಹೇಳಿದ್ದು ನಿಜವಾಯಿತು. ಕಾಡಿನ ಸೌದೆಯೆಲ್ಲ ಹಂಚಿನ ಕಾರ್ಖಾನೆಗಳಿಗೆ ಹೋಗತೊಡಗಿ, ಯುಗಾದಿಯ ಹೊತ್ತಿಗೆ ಗಾಡಿ ಸೌದೆಯ ಬೆಲೆ ಒಂದೂವರೆ ಪಟ್ಟಾಯಿತು. ಉಳಿದ ಅಂಗಡಿಯವರು ಚಹಾದ ದರ ಏರಿಸಿದರು. ಈರಪ್ಪ ಏರಿಸಲಿಲ್ಲ. ಗಿರಾಕಿಗಳೆಲ್ಲ ಅವನಲ್ಲಿಗೇ ಬಂದರು.

“ಇನ್ನೊಂದು ಬುಟ್ಟಿ ಬೇಕಾತು ತಂಗಿ,” ಎಂದ. ಸೀತೆ ಮೂರು ಹೊತ್ತಳು. ಪೈಪಿನ ಮಾತೆತ್ತಿದರೆ, “ಕುಮಟೆಯಿಂದ ಬರೂಕಿದೆ” ಎನ್ನುತ್ತಿದ್ದ.

ಒಂದು ಬೆಳಿಗ್ಗೆ ಪೈಪು ಬಂತು. ಲಾರಿಯ ಸದ್ದು ಕೇಳಿ ಸೀತೆ ತಲೆಯ ಮೇಲಿನ ಬುಟ್ಟಿ ಸಮೇತ ಬಿರಬಿರನೆ ಹೋದಳು. ಆಳುಗಳು ನೆಲ ಅಗೆಯುತ್ತಿದ್ದರು. ಅವಳ ಮನೆಯ ಕಡೆಗಲ್ಲ, ಅಂಗಡಿಯ ಮಗ್ಗುಲಲ್ಲಿದ್ದ ಅಕ್ಕಿ ಗಿರಣಿ ಸಾಹುಕಾರರ ಮನೆಯ ಕಡೆಗೆ.

“ಇದೆಂತ ಅಣ್ಣ?”

ಈರಪ್ಪ ಅವಳ ಮುಖ ನೋಡಲಿಲ್ಲ. “ಇರೂ ಗ್ಯಾಸು ಇಷ್ಟೇ, ಕೇಳೋರು ಹೆಚ್ಚಾದ್ರು. ಅವ್ರು ತಿಂಗಳಾ ತಿಂಗಳಾ ದುಡ್ಡು ಕೊಡ್ತ್ರು. ನಿನ್ನ ಹತ್ರ ನಾ ಹೆಂಗೆ ಕೇಳೂದು?”

“ಸೆಗಣಿ ನಂದಲ್ದಾ?”

“ನಾ ಟಾಕಿ ಕಟ್ಟೂಕಿಂತ ಮುಂಚೆ ನಿನ್ನ ಸೆಗಣಿಗೆ ಬೆಲೆ ಎಲ್ಲಿತ್ತು?”

ಸೀತೆ ಬುಟ್ಟಿ ಇಳಿಸದೆ ತಿರುಗಿ, ನೆಟ್ಟಗೆ ಗದ್ದೆಗೆ ಹೋಗಿ ಸುರಿದಳು. ಅಲ್ಲೇ ಬದುವಿನ ಮೇಲೆ ಕುಳಿತು ಅತ್ತಳು. ನಾಲ್ಕೈದು ತಿಂಗಳು ಹೊತ್ತ ಭಾರ ಕುತ್ತಿಗೆಗೆ ಅಂದೇ ತಿಳಿದಂತಾಯಿತು. ಕೊಟ್ಟ ಮಾತಿಗೆ ತಪ್ಪಿದ್ದಕ್ಕಿಂತ, ಅವಳ ಸೆಗಣಿಗೆ ಬೆಲೆಯೇ ಇರಲಿಲ್ಲವೆಂದು ಆಳುಗಳ ಎದುರು ಅಷ್ಟು ಸಲೀಸಾಗಿ ಆಡಿದ್ದು ಅವಳನ್ನು ಹೆಚ್ಚು ಸುಟ್ಟಿತು.

ಸೆಗಣಿ ಸಾಲದೆ ವಾರದೊಳಗೆ ಡ್ರಮ್ಮು ಕೆಳಗಿಳಿಯಿತು. ಸಾಹುಕಾರರ ಮನೆಯ ಒಲೆ ಅನ್ನ ಬೇಯುವ ಮೊದಲೇ ಆರಿತು. ಈರಪ್ಪ ಬೇಲಿಯ ಬಳಿ ಬಂದು ನಿಂತ.

“ಬುಟ್ಟಿಗೆ ಎರಡಾಣೆ ಕೊಡ್ತೆ.”

“ಮಾರೂಕೆ ಇಲ್ಲ,” ಎಂದಳು ಸೀತೆ.

ಅವನು ಆಚೆ ಕೇರಿಯ ಸುಕ್ರನಿಂದ ಮೂರಾಣೆಗೆ ತರಿಸಿದ. ಬೇಡಿಕೆ ಕಂಡು ಸುಕ್ರ ನಾಲ್ಕಾಣೆ ಮಾಡಿದ. ಟಾಕಿ ಮತ್ತೆ ನಡೆಯಿತು.

ದರದ ಸುದ್ದಿ ಕೇಳಿದ ಜಟ್ಟಿ, “ದಿನಕ್ಕೆ ಮೂರು ಬುಟ್ಟಿ ಆತದೆ. ಸಿಟ್ಟು ಬಿಡು, ಕೊಡುವ. ತಕ್ಕಂಬವ ಯಾರಾದ್ರೇನು?” ಎಂದ.

“ಬೇರೆ ಯಾರಾದ್ರೂ ಆಗಿದ್ರೆ ಮಾರ್ತಿದ್ದೆ.”

ಆ ವರ್ಷ ಚೌತಿಗೆ ಅಣ್ಣನ ಮನೆಯಿಂದ ಎರಡು ಸಲ ಕರೆಯಲು ಬಂದರು. ಸೀತೆ ಹೋಗಲಿಲ್ಲ.