ಎರಡನೆಯ ವೈರು

ಲೀಲಾಧರ ಮೂವತ್ತು ವರ್ಷ ಮುಂಬಯಿಯಲ್ಲಿ ಸಣ್ಣ ವಿಮಾನಗಳಿಗೆ ರೇಡಿಯೊ ಕೂರಿಸಿದವನು. ಗಂಗೊಳ್ಳಿಗೆ ಮರಳಿದ ಮೇಲೆ ಅದನ್ನು ಯಾರೂ ಮರೆಯದಂತೆ ನೋಡಿಕೊಂಡಿದ್ದ. ಮಂಜಯ್ಯನ ಮರದ ಬೋಟಿಗೆ ವೈರ್‌ಲೆಸ್ ಕೂರಿಸಿದ ದಿನವೂ ಅರ್ಧ ಬಂದರಿಗೆ ಕೇಳುವಂತೆ, "ಇದ್ ವಿಮಾನದ್ ಕೆಲ್ಸ ಕಾಣಿ" ಎಂದಿದ್ದ.

ಬೋಟು ಹೋದದ್ದು ನಿನ್ನೆ. ಇವತ್ತು ಬೆಳಿಗ್ಗೆ ಜೋರು ಗಾಳಿಯ ಸೂಚನೆ ಬಂತು. ಬಂದರಿನ ಶೆಡ್ಡಿನ ಸೆಟ್ಟಿನಿಂದ ಕರೆದಾಗ ಎಲ್ಲ ಬೋಟಿನವರೂ ಓಗೊಟ್ಟರು, ಮಂಜಯ್ಯನೊಬ್ಬನನ್ನು ಬಿಟ್ಟು. ಅವನ ಹೆಂಡತಿ ವನಜ ಆಗಿನಿಂದ ಅಳುತ್ತ ಅವನನ್ನು ಕರೆಯುತ್ತಲೇ ಇದ್ದಳು, ಮೈಕು ಬಿಟ್ಟು ಎದ್ದಿರಲಿಲ್ಲ. ಹತ್ತು ಗಂಟೆಗೆ ಲೀಲಾಧರ ಓಡಿ ಬಂದ.

"ಲೀಲಣ್ಣ, ಬೋಟ್ ಹೋಪತಿಗೆ ಸೆಟ್ ಸಮಾ ಕಂಡಿದ್ರಾ?" ಎಂದಳು ವನಜ.

"ಕಂಡೆ. ಬೇರೆ ಬೋಟಿನವ್ರ್ ಮಾತಾಡುದ್ ಚೊಕ್ಕ ಕೇಂತಿತ್ತ್."

"ಕೇಂಬುದಲ್ಲ. ನೀವ್ ಮಾತಾಡಿ ಕಂಡ್ರಾ?"

ಲೀಲಾಧರ ಮಾತಾಡಿ ನೋಡಿರಲಿಲ್ಲ. ಹೊರಡುವ ಗಡಿಬಿಡಿಯಲ್ಲಿ ಅದೊಂದನ್ನು ಬಿಟ್ಟಿದ್ದ. ಬಿಟ್ಟದ್ದು ಅದೊಂದೇ ಅಲ್ಲ ಎಂಬುದು ಈಗ ಹೊಳೆಯಿತು. ವಿಮಾನದ ಮೈಯೆಲ್ಲ ಲೋಹ. ಸೆಟ್ಟಿಗೆ ಪ್ಲಸ್ ವೈರೊಂದನ್ನು ಎಳೆದು, ಮೈನಸನ್ನು ಪಕ್ಕದ ತಗಡಿಗೆ ಬಿಗಿದರಾಯಿತು, ಕರೆಂಟು ಮೈಯಲ್ಲೇ ಹರಿದು ಬ್ಯಾಟರಿಗೆ ಮರಳುತ್ತದೆ. ಪಳಗಿದ ಕೈ ಬೋಟಿನಲ್ಲೂ ಅದನ್ನೇ ಮಾಡಿತ್ತು. ಮೈನಸನ್ನು ಕ್ಯಾಬಿನ್ನಿನ ಕಬ್ಬಿಣದ ಚೌಕಟ್ಟಿಗೆ ಬಿಗಿದಿತ್ತು. ಮರದ ಬೋಟು ಅದು. ಚೌಕಟ್ಟಿನಿಂದ ಬ್ಯಾಟರಿಗೆ ಇದ್ದ ದಾರಿ ತುಕ್ಕು ಹಿಡಿದ ಒಂದು ಪೈಪು ಮಾತ್ರ. ಕೇಳಿಸಿಕೊಳ್ಳಲು ಅಷ್ಟು ಕರೆಂಟು ಸಾಕು. ಮಾತಾಡಲು ಹೆಚ್ಚು ಬೇಕು, ಗುಂಡಿ ಒತ್ತಿದೊಡನೆ ಸೆಟ್ಟು ಕಣ್ಣು ಮುಚ್ಚುತ್ತದೆ.

ಬೋಟು ನೀರ ಮೇಲೆ ಇದ್ದರೆ, ಮಂಜಯ್ಯನಿಗೆ ಎಲ್ಲ ಕೇಳುತ್ತಿರಬೇಕು. ಆದರೆ ಅವನಿಗೆ ಹೇಳಿದ್ದು ಊರಿನ ಬೋಟುಗಳಿಗೆಲ್ಲ ಕೇಳುತ್ತದೆ, ಚಾನೆಲ್ಲು ಒಂದೇ. ನಾಚಿಕೆಯಿಂದ ಲೀಲಾಧರನ ಕಿವಿ ಬಿಸಿಯಾಯಿತು. ವನಜಳ ಮುಖ ನೋಡಿದ, ಮೈಕು ತೆಗೆದುಕೊಂಡ.

"ಮಂಜಯ್ಯ, ನಾನ್ ಲೀಲಾಧರ. ತಪ್ಪ್ ನಂದ್. ಮರದ್ ಬೋಟಿಗೆ ವಿಮಾನದ್ ವೈರಿಂಗ್ ಮಾಡಿದೆ. ಲೈಟಿನ್ ವೈರ್ ಒಂದ್ ಬಿಚ್ಚಿ, ಬ್ಯಾಟ್ರಿ ಮೈನಸಿಂದ ಸೀದಾ ಸೆಟ್ಟಿನ್ ಮೈನಸಿಗೆ ಕಟ್ಟ್."

ಮೂರು ಸಲ ಹೇಳಿದ. ಕರಕರ ಸದ್ದು ಬಿಟ್ಟರೆ ಏನೂ ಬರಲಿಲ್ಲ. ಬೇರೆ ಬೋಟಿನವರು ಯಾರೂ ನಡುವೆ ಬಾಯಿ ಹಾಕಲಿಲ್ಲ. ಕಾಲು ಗಂಟೆ ಕಳೆಯಿತು. ಅರವತ್ತು ದಾಟಿದ ಲೀಲಾಧರನಿಗೆ ಅಳು ಒತ್ತಿ ಬಂತು.

"ಹ್ವಾಯ್ ಲೀಲಣ್ಣ," ಎಂದಿತು ಸೆಟ್ಟು. ಮಂಜಯ್ಯನ ದನಿ. "ಕಟ್ಟಿದೆ. ಕೇಂತಾ? ಗಾಳಿ ಸುದ್ದಿ ಕೇಂಡದ್ದೇ ಬೋಟ್ ತಿರ್ಗ್ಸಿದೆ, ಬತ್ತಾ ಇತ್ತ್. ವನಜ ಅಲ್ಲೇ ಇತ್ತಾ? ಬೆಳಿಗ್ಗೆಂದ ಅವ್ಳ್ ಮರ್ಕುದ್ ಪೂರಾ ಕೇಂತಿತ್ತ್. ಅವ್ಳ್ ಕರ್ದಾಗೆಲ್ಲ ನಾನ್ 'ಓ' ಅಂದಿದ್ದೆ ಅಂದ್ ಹೇಳಿ."

ಲೀಲಾಧರ ಮೈಕನ್ನು ಅವಳ ಕೈಗೆ ಕೊಟ್ಟ.