ಆರನೆಯ ತೂತು

ಆರ್ವಿಡ್‌ಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಪ್ರೀತಿ ಮಾತ್ರ ಎಲ್ಲೋ ಹೊಟ್ಟೆಯ ಆಳದಲ್ಲಿ. ಅದು ಬಾಯಿಗೆ ಬರುವಷ್ಟರಲ್ಲಿ ಹೊತ್ತು ಮೀರಿರುತ್ತಿತ್ತು. ಅರವತ್ತೆರಡು ವರ್ಷವಾದರೂ ಮನುಷ್ಯ ಬದಲಾಗಲಿಲ್ಲ.

ಸೆಪ್ಟೆಂಬರಿನ ಆ ಬೆಳಿಗ್ಗೆ, ಅಮೆರಿಕದ ಮೊಂಟಾನಾದ ಬೆಟ್ಟದ ಬುಡದಲ್ಲಿ ರಸ್ತೆ ಮುಗಿದು ಕಾಲುದಾರಿ ಶುರುವಾಗುವ ಕಡೆ ಅವನು ಪಿಕಪ್ ನಿಲ್ಲಿಸಿದಾಗ, ತಮ್ಮನ ಮಗಳು ಬ್ರಿಟಾ ಆಗಲೇ ಬೆನ್ನುಚೀಲಕ್ಕೆ ಬಿಲ್ಲು ಬಿಗಿಯುತ್ತಿದ್ದಳು. ಎಲ್ಕ್ ಎಂಬ ಭಾರೀ ಜಿಂಕೆಯ ಬೇಟೆಗೆ ಹೊರಟಿದ್ದಳು, ಒಬ್ಬಳೇ, ಐದು ದಿನಕ್ಕೆ, ಅವಳಪ್ಪ ಹೋಗುತ್ತಿದ್ದ ಅದೇ ಕಣಿವೆಗೆ. ಹತ್ತೊಂಬತ್ತರ ಹುಡುಗಿ. ಬೇಡ ಕಣೇ ಎನ್ನಲು ಆರ್ವಿಡ್‌ಗೆ ಯಾವ ಮುಖವಿತ್ತು?

ಹೋದ ವರ್ಷ ಅವಳಪ್ಪ ಲೈಲ್ ಆ ಕಣಿವೆಯಿಂದ ನಡೆದು ಬರಲಿಲ್ಲ. ಬಾಣಕ್ಕೆ ಬಿದ್ದ ಎಲ್ಕಿನ ಮಾಂಸ ಬಿಡಿಸುತ್ತಿದ್ದಾಗ ವಾಸನೆ ಹಿಡಿದು ಗ್ರಿಜ್ಲಿ ಕರಡಿ ಬಂತು. ಕರಡಿಗೆಂದೇ ಒಯ್ದಿದ್ದ ರಿವಾಲ್ವರ್ ಬೆನ್ನುಚೀಲದ ಸೊಂಟಪಟ್ಟಿಯಲ್ಲಿತ್ತು. ಚೀಲವನ್ನು ಇಳಿಸಿ ಮರಕ್ಕೆ ಒರಗಿಸಿದ್ದ, ಹದಿನೈದು ಹೆಜ್ಜೆ ದೂರದಲ್ಲಿ. ಗುಂಡುಗಳೆಲ್ಲ ಹಾಗೇ ಉಳಿದಿದ್ದವು. ಕೆಲಸಕ್ಕೆ ಕೈ ಹಗುರಾಗಲಿ ಎಂದು ಚೀಲ ಇಳಿಸುತ್ತಾರೆ, ಅದರ ಜೊತೆ ಪ್ರಾಣವನ್ನೂ ಇಳಿಸಿಟ್ಟಿದ್ದೇವೆಂದು ಹೊಳೆಯುವುದೇ ಇಲ್ಲ. ಹಾಳು ತಪ್ಪು, ಬಿಲ್ಲು ಹಿಡಿದವರೆಲ್ಲ ಒಮ್ಮೆಯಾದರೂ ಮಾಡುವ ತಪ್ಪು.

ಲೈಲ್ ಮಾತ್ರ ಮಾಡುವವನಲ್ಲ. ಅವನ ರಿವಾಲ್ವರ್ ಯಾವತ್ತೂ ಎದೆಯ ಮೇಲೆ ಇರುತ್ತಿತ್ತು, ಬ್ರಿಟಾ ಹದಿನಾಲ್ಕು ವರ್ಷದವಳಿದ್ದಾಗ ಹೊಲಿದುಕೊಟ್ಟ ಚರ್ಮದ ಎದೆಪಟ್ಟಿಯಲ್ಲಿ. ಹುಡುಗಿ ಗೊತ್ತಾಗದೆ ಬಕಲ್ಲನ್ನು ಬೆನ್ನ ಕಡೆಗೆ ಹಾಕಿದ್ದಳು. ಅದನ್ನು ಬಿಗಿಯಲು ಇನ್ನೊಬ್ಬರ ಕೈ ಬೇಕು. ಆದರೂ ಬದಲಿಸಲು ಲೈಲ್ ಒಪ್ಪಿರಲಿಲ್ಲ, ಮಗಳು ಮಾಡಿದ್ದು ಹಾಗೇ ಇರಲಿ ಎಂದಿದ್ದ. ಅವನು ಸತ್ತ ಮೇಲೆ ಮನೆಯಲ್ಲೆಲ್ಲ ಹುಡುಕಿದರೂ ಎದೆಪಟ್ಟಿ ಸಿಗಲಿಲ್ಲ. ಬಕಲ್ಲಿನ ಕಾಟಕ್ಕೆ ಬೇಸತ್ತು ಅಪ್ಪ ಎಲ್ಲೋ ಬಿಸಾಡಿದ್ದಾನೆ, ನನ್ನ ಕೈಕೆಲಸವೇ ಅಪ್ಪನನ್ನು ಕೊಂದಿತು ಎಂದು ಬ್ರಿಟಾ ಶವಪೆಟ್ಟಿಗೆಯ ಪಕ್ಕದಲ್ಲಿ ನಿಂತು ದೊಡ್ಡಪ್ಪನ ಬಳಿ ಬಿಕ್ಕಿದ್ದಳು.

ಈಗ ಆ ಎದೆಪಟ್ಟಿ ಆರ್ವಿಡ್‌ನ ಕೈಯಲ್ಲಿತ್ತು. ದಾರಿಯುದ್ದಕ್ಕೂ ನಿಜ ಹೇಳಬೇಕೆಂದೇ ಬಂದಿದ್ದ. ಅವಳ ಮುಖ ನೋಡಿದ್ದೇ ತಡ, ನಾಲಿಗೆ ಸುಳ್ಳಿಗೆ ಹೊರಳಿತು. ನಿಮ್ಮಪ್ಪ ನನ್ನ ಶೆಡ್ಡಿನಲ್ಲಿ ಮರೆತು ಹೋಗಿದ್ದನಂತೆ ಕಾಣುತ್ತದೆ, ಮೊನ್ನೆ ಸಿಕ್ಕಿತು ಎಂದುಬಿಟ್ಟ.

ಬ್ರಿಟಾ ಅದನ್ನು ಎರಡೂ ಕೈಯಲ್ಲಿ ಹಿಡಿದು ಮೂಸಿದಳು. ಪಟ್ಟಿಯ ಮೇಲೆ ಬೆರಳಾಡಿಸಿದಳು. ಬೆರಳು ತುದಿಯಲ್ಲಿ ನಿಂತಿತು.

"ನಾನು ಐದೇ ತೂತು ಮಾಡಿದ್ದು. ಆರನೇದು ಯಾರ್ದು?"

ಅವಳ ಕಣ್ಣು ನೇರ ಅವನ ಹೊಟ್ಟೆಯ ಮೇಲೆ ಬಿತ್ತು. ತೆಳ್ಳಗಿನ ಲೈಲ್‌ಗೆ ಮೂರನೆಯ ತೂತೇ ಸಾಕಾಗುತ್ತಿತ್ತು.

ಇನ್ನು ಮುಚ್ಚಿಡಲು ಏನಿತ್ತು? ಆರ್ವಿಡ್ ಎಲ್ಲ ಹೇಳಿದ. ವಸಂತದಲ್ಲಿ ಎಲ್ಕಿನ ಉದುರಿದ ಕೊಂಬು ಆಯಲು ಹೋಗುವಾಗ ಪಟ್ಟಿಯನ್ನು ಎರವಲು ತಂದು, ತನ್ನ ಹೊಟ್ಟೆಗೆ ಸಾಲದೆ ಆರನೆಯ ತೂತು ಹೊಡೆದಿದ್ದು. ತನ್ನ ಮೊಣಕಾಲು ಬೆಟ್ಟ ಏರುವುದಿಲ್ಲವೆಂದು ತಮ್ಮ ಆ ವರ್ಷ ಬೇಟೆಗೆ ಕರೆಯದಿದ್ದಾಗ ಮುಖ ಊದಿಸಿಕೊಂಡಿದ್ದು. ಹೊರಡುವ ಹಿಂದಿನ ದಿನ ಲೈಲ್ ಫೋನ್ ಮಾಡಿ, ಅಣ್ಣಾ, ಪಟ್ಟಿ ಜಗಲಿಯ ಮೇಲಿಡು, ಬೆಳಿಗ್ಗೆ ಹೋಗುತ್ತ ಎತ್ತಿಕೊಳ್ಳುತ್ತೇನೆ, ಎಚ್ಚರವಿದ್ದರೆ ಹೊರಗೆ ಬಂದು ಬಕಲ್ ಹಾಕು ಎಂದಿದ್ದು.

"ಬೇಕಾದ್ರೆ ಒಳಗೆ ಬಂದು ಕೇಳಿ ತಗೊಂಡ್ ಹೋಗ್ಲಿ ಅಂತ ಜಗಲಿ ಮೇಲೆ ಇಡಲಿಲ್ಲ ಕಣಮ್ಮ. ಬಂದಿದ್ದ ಅವನು. ಗಾಡಿ ಸದ್ದು ಕೇಳಿಸ್ತು. ನಾನು ಎಚ್ಚರವಾಗೇ ಇದ್ದೆ. ಎದ್ದು ಹೋಗಲಿಲ್ಲ."

ಎರಡು ನಿಮಿಷ ನಿಂತ ಗಾಡಿ ಹೊರಟುಹೋಗಿತ್ತು. ಅಣ್ಣನ ನಿದ್ದೆ ಕೆಡಿಸಬಾರದೆಂದು ಲೈಲ್ ಹಾರ್ನ್ ಕೂಡ ಮಾಡಿರಲಿಲ್ಲ.

ಬ್ರಿಟಾ ಅಳಲಿಲ್ಲ. ಅತ್ತಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

"ಬಕಲ್ ವಿಷಯ ನಿನ್ನ ಹತ್ರಾನೇ ಹೇಳ್ಕೊಂಡು ಅತ್ತಿದ್ದೆ, ದೊಡ್ಡಪ್ಪ. ನೀನು ನನ್ನ ತಲೆ ಸವರಿದೆ."

"ಹೂಂ."

"ಒಂದು ವರ್ಷ."

ಕ್ಷಮಿಸು ಎನ್ನಬೇಕೆನಿಸಿತು ಅವನಿಗೆ. ಯಾವುದಕ್ಕೆಂದು ಕೇಳುವುದು, ತಮ್ಮನ ಸಾವಿಗೋ, ಅವಳ ಈ ಒಂದು ವರ್ಷಕ್ಕೋ?

ಅವಳು ರಿವಾಲ್ವರನ್ನು ಬೆನ್ನುಚೀಲದಿಂದ ತೆಗೆದು ಎದೆಪಟ್ಟಿಗೆ ಸೇರಿಸಿದಳು. ಪಟ್ಟಿಯನ್ನು ಹೆಗಲಿಗೇರಿಸಿ ಕೈಯನ್ನು ಬೆನ್ನ ಹಿಂದೆ ಚಾಚಿದಳು. ಎಟುಕಲಿಲ್ಲ. ಹಲ್ಲು ಕಚ್ಚಿ ಮತ್ತೆ ಮತ್ತೆ ಚಾಚಿದಳು. ಆ ಬಯಲಿನಲ್ಲಿ ಅವನನ್ನು ಬಿಟ್ಟರೆ ಬೇರೆ ನರಪಿಳ್ಳೆ ಇರಲಿಲ್ಲ. ಕೊನೆಗೆ ಅವನಿಗೆ ಬೆನ್ನು ತಿರುಗಿಸಿ ನಿಂತಳು.

ಬಕಲ್ ಹಿಡಿದು, ಎಷ್ಟನೆಯದಕ್ಕೆ ಎಂದು ಕೇಳಿದ. ಮೊದಲನೆಯದಕ್ಕೆ ಎಂದಳು. ಬಿಗಿದ. ಕೈ ತೆಗೆಯಲು ಮನಸ್ಸಾಗದೆ ಒಂದು ಗಳಿಗೆ ಹಾಗೇ ನಿಂತ. ಅವಳೇ ಸರಿದು ಚೀಲ ಹೊತ್ತಳು. ದಿನಾ ಸಂಜೆ ಮೆಸೇಜು ಅಮ್ಮನಿಗೆ ಹಾಕುತ್ತೇನೆ, ನೀನು ಕಾಯಬೇಡ ಎಂದಳು. ಅಲ್ಲಿಯವರೆಗೆ ಆ ಮೆಸೇಜು ಅವನಿಗೇ ಬರಬೇಕೆಂದಿತ್ತು.

"ರಾತ್ರಿ ಬಿಚ್ಚಿದ್ರೆ ಬೆಳಿಗ್ಗೆ ಹಾಕೋರು ಯಾರಮ್ಮ?" ಎಂದ ಆರ್ವಿಡ್.

"ಬಿಚ್ಚಲ್ಲ. ಅಪ್ಪಾನೂ ಬಿಚ್ತಿರಲಿಲ್ಲ. ನೀನು ಹೊರಗೆ ಬಂದು ಹಾಕಿದ್ದಿದ್ರೆ ಐದು ದಿನಾನೂ ಮೈಮೇಲೇ ಇರ್ತಿತ್ತು."

ಅವಳು ಹೊರಟಳು. ಪೈನ್ ಮರಗಳ ನಡುವೆ ಅವಳ ಚೀಲ ಕಾಣುವವರೆಗೂ ಆರ್ವಿಡ್ ನೋಡುತ್ತ ನಿಂತ. ಆಮೇಲೆ ಪಿಕಪ್ಪಿನ ಬಾಗಿಲಿಗೆ ಹಣೆ ಒರಗಿಸಿ, ತಮ್ಮನ ಹೆಸರು ಹಿಡಿದು ಗೊಳೋ ಎಂದು ಅತ್ತ.