ಭೀಮರಾಜು ನೂರಕ್ಕೆ ಹನ್ನೊಂದು

ಸಂಜೆ ಏಳು ಗಂಟೆ ಹತ್ತು ನಿಮಿಷಕ್ಕೆ, ತಿರುಮಣಿಯ ಸೋಲಾರ್ ಪಾರ್ಕಿನ ಒಂದು ಕಂಟ್ರೋಲ್ ರೂಮಿನ ಹಿಂದಿರುವ ಊಟದ ಕೋಣೆಯಲ್ಲಿ, ಚೇತನ್ ಕುಮಾರ್ ತನ್ನ ಕೈಯಲ್ಲಿದ್ದ ಎರಡು ರಾಣಿಗಳನ್ನು ಮಗುಚಿಟ್ಟು ಆಟ ಬಿಟ್ಟ. ಎದುರಿಗೆ ಕೂತಿದ್ದ ಭೀಮರಾಜು ನಡುವೆ ಇದ್ದ ಕಡಲೆಕಾಯಿ ರಾಶಿಯನ್ನು ಎರಡೂ ಕೈಯಲ್ಲಿ ಬಾಚಿಕೊಂಡು, ಅದರಲ್ಲೊಂದನ್ನು ಸುಲಿದು ಬಾಯಿಗೆ ಹಾಕಿಕೊಂಡ.

ಪೋಕರಿನಲ್ಲಿ ಜೋಡಿ ರಾಣಿ ಬಂದಾಗ ಹೀಗೆ ಎದ್ದು ಓಡುವವರು ಕಡಿಮೆ. ಚೇತನ್‌ಗೂ ಅದು ಗೊತ್ತಿತ್ತು. ಆದರೆ ತೊಡೆಯ ಮೇಲೆ ಇಟ್ಟುಕೊಂಡಿದ್ದ ಫೋನು ಬೇರೆಯೇ ಹೇಳುತ್ತಿತ್ತು. ಅದರಲ್ಲಿ ಭೀಮರಾಜುವಿನ ಹೆಸರಿನ ಮುಂದೆ ಒಂದು ಬಂಡೆಯ ಚಿತ್ರ, ಅದರ ಕೆಳಗೆ ನೂರಕ್ಕೆ ಹನ್ನೊಂದು ಎಂಬ ಅಂಕಿ. ಅಂದರೆ ಈ ಮನುಷ್ಯನಿಗೆ ನೂರು ಸಲ ಎಲೆ ಹಾಕಿದರೆ ಹನ್ನೊಂದು ಸಲ ಮಾತ್ರ ಆಡುತ್ತಾನೆ, ಆಡಿದರೆ ಕೈಯಲ್ಲಿ ಭಾರೀ ಎಲೆ ಇದ್ದೇ ಇರುತ್ತದೆ, ಪಣ ಏರಿಸಿದನೆಂದರೆ ದಾರಿ ಬಿಡಬೇಕು. ಚೇತನ್ ಬಿಟ್ಟಿದ್ದ.

ಅವತ್ತು ಸುಮ್ಮನೆ ಹೊತ್ತು ಕಳೆಯಲು ಆಡುತ್ತಿರಲಿಲ್ಲ. ಹೊಸತೊಡಕಿನ ರಜೆ ಯಾರಿಗೆ ಎಂಬುದು ಆ ಕಡಲೆಕಾಯಿಯಲ್ಲಿ ತೀರ್ಮಾನವಾಗಬೇಕಿತ್ತು.

ಕಂಟ್ರೋಲ್ ರೂಮಿಗೆ ಮೂವರು ಆಪರೇಟರುಗಳು. ಚನ್ನರಾಯನದುರ್ಗದ ಚೇತನ್, ಪಾವಗಡದ ಕಿರಣ್ ಕುಮಾರ್, ಶಿರಾದ ಮುಸವೀರ್. ಯುಗಾದಿಯ ಮಾರನೆಯ ದಿನ ಹೊಸತೊಡಕಿಗೆ, ಮನೆಮನೆಯಲ್ಲೂ ಬಾಡು ಬೇಯುವಾಗ, ಮುಸವೀರ್ ಡ್ಯೂಟಿಗೆ ಕೂರುತ್ತಿದ್ದ. ರಂಜಾನ್ ಹಬ್ಬಕ್ಕೆ ಉಳಿದಿಬ್ಬರು ಕೂರುತ್ತಿದ್ದರು. ಈ ಒಪ್ಪಂದ ಯಾವ ಕಾಗದವೂ ಇಲ್ಲದೆ ವರ್ಷಗಳಿಂದ ನಡೆದುಕೊಂಡು ಬಂದಿತ್ತು. ಆ ವರ್ಷ ಎರಡೂ ಹಬ್ಬ ಒಂದೇ ದಿನಕ್ಕೆ ಬಂದು ಕೂತವು. ಮುಸವೀರ್ ರಜೆ ಮಂಜೂರಾಯಿತು. ಉಳಿದ ಇಬ್ಬರಲ್ಲಿ ಒಬ್ಬರು ಇರಲೇಬೇಕು, ಯಾರೆಂದು ನೀವೇ ನೋಡಿಕೊಳ್ಳಿ ಎಂದು ಮ್ಯಾನೇಜರು ಕೈ ತೊಳೆದುಕೊಂಡರು.

ಕಿರಣ್ ತನ್ನ ಕಾರಣ ಮುಂದಿಟ್ಟ. ಅವರ ಬೀದಿಯಲ್ಲಿ ಹದಿನಾಲ್ಕು ಮನೆಯವರು ಸೇರಿ ಎರಡು ಕುರಿ ಕೊಯ್ದು ಗುಡ್ಡೆಬಾಡು ಹಾಕುತ್ತಾರೆ. ಗುಡ್ಡೆ ಪಾಲು ಮಾಡುವಾಗ ಮನೆಯ ಗಂಡಸು ಎದುರಿಗಿಲ್ಲದಿದ್ದರೆ ಆ ಮನೆಗೆ ಬರೀ ಮೂಳೆ. ಚೇತನ್ ಕಾರಣ ಇದಕ್ಕಿಂತ ದೊಡ್ಡದು. ಅವನಿಗೆ ಮದುವೆಯಾಗಿ ಐದು ತಿಂಗಳು. ಹೊಸ ಅಳಿಯನ ಮೊದಲ ಹೊಸತೊಡಕು. ಮಧುಗಿರಿ ಪಕ್ಕದ ಹಳ್ಳಿಯಲ್ಲಿ ಮಾವ ಗಂಗಹನುಮಯ್ಯ ಅಳಿಯನಿಗೆಂದೇ ಒಂದು ಟಗರನ್ನು ಆರಿಸಿ, ಬೇರೆ ಗೂಟಕ್ಕೆ ಕಟ್ಟಿ, ಹುರುಳಿ ತಿನ್ನಿಸುತ್ತಿದ್ದರು. ಹಬ್ಬಕ್ಕೆಂದು ಮುಂಚೆಯೇ ತವರಿಗೆ ಹೋಗಿದ್ದ ಹೆಂಡತಿ ರಕ್ಷಾ ದಿನಾ ಸಂಜೆ ಆ ಟಗರಿನ ಫೋಟೋ ಕಳಿಸುತ್ತಿದ್ದಳು. ಅಳಿಯ ಬರಲಿಲ್ಲವೆಂದರೆ ನೆಂಟರ ಮುಂದೆ ಅಪ್ಪನ ತಲೆ ತಗ್ಗುತ್ತದೆ, ಆಮೇಲೆ ತಾನೂ ಸದ್ಯಕ್ಕೆ ವಾಪಸು ಬರುವುದಿಲ್ಲ ಎಂದು ಅವಳು ಮುಂಚಿತವಾಗಿಯೇ ತಿಳಿಸಿದ್ದಳು.

ಮಾತಿನಲ್ಲಿ ಬಗೆಹರಿಯಲಿಲ್ಲ. ಕೊನೆಗೆ ಪೋಕರಿನಲ್ಲಿ ನೋಡೋಣ ಎಂದಾಯಿತು. ಎಂಟು ಗಂಟೆಗೆ ಕಂಪನಿ ಬಸ್ಸು ಬಂದಾಗ ಚೇತನ್, ಕಿರಣ್ ಇಬ್ಬರಲ್ಲಿ ಯಾರ ಮುಂದೆ ಕಡಲೆಕಾಯಿ ಕಡಿಮೆ ಇರುತ್ತದೋ ಅವನು ಡ್ಯೂಟಿಗೆ. ರಂಜಾನ್ ತಿಂಗಳಾದ್ದರಿಂದ ಮುಸವೀರ್ ಎಲೆ ಮುಟ್ಟುತ್ತಿರಲಿಲ್ಲ. ಉಪವಾಸ ಬಿಟ್ಟು, ಎಲ್ಲರಿಗೂ ಖರ್ಜೂರ ಕೊಟ್ಟು, ಗೋಡೆಗೆ ಒರಗಿ ಕೂತು ತೀರ್ಪುಗಾರನಾಗಿದ್ದ.

ಪೋಕರನ್ನು ಅಲ್ಲಿಗೆ ತಂದವನು ಹೈದರಾಬಾದಿನಿಂದ ಇನ್ವರ್ಟರ್ ಕೂರಿಸಲು ಬಂದಿದ್ದ ಎಂಜಿನಿಯರ್. ಕೈಗೆ ಎರಡು ಎಲೆ, ನೆಲಕ್ಕೆ ಎಲ್ಲರಿಗೂ ಸೇರಿದ ಐದು ಎಲೆ, ಉಳಿದದ್ದು ಧೈರ್ಯ ಎಂದು ಹೇಳಿಕೊಟ್ಟು ಹೋಗಿದ್ದ. ದುಡ್ಡು ಕಟ್ಟಿದರೆ ಕೆಲಸ ಹೋಗುತ್ತದೆ. ಆದ್ದರಿಂದ ಭೀಮರಾಜು ಮನೆಯಿಂದ ಚೀಲ ತುಂಬ ತರುವ ಕಡಲೆಕಾಯಿಯೇ ನಾಣ್ಯ. ಭೀಮರಾಜು ಸೆಕ್ಯುರಿಟಿ ಗಾರ್ಡು, ಕ್ಯಾತಗಾನಚೆರ್ಲುವಿನವನು. ಹೊಲವನ್ನು ಪಾರ್ಕಿಗೆ ಗುತ್ತಿಗೆಗೆ ಕೊಟ್ಟು ಅದೇ ಹೊಲದ ಬೇಲಿಗೆ ಕಾವಲಿದ್ದ. ಹೊಲ ಕಾಯುವುದನ್ನು ಅಪ್ಪನ ಕಾಲದಿಂದ ಮಾಡುತ್ತಿದ್ದೇವೆ, ಸಂಬಳ ಸಿಕ್ಕಿದ್ದು ಈಗ ಎನ್ನುತ್ತಿದ್ದ. ರಜೆಯ ಪಂದ್ಯದಲ್ಲಿ ಅವನಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಚೇತನ್ ಆಟ ಕಲಿತಾಗಿನಿಂದ ಸೋಲುತ್ತಲೇ ಇದ್ದ. ಹೀಗಿರುವಾಗ ಯಾವುದೋ ವಿಡಿಯೋದಲ್ಲಿ ಒಬ್ಬ, ಹೊಸಬರು ಎಲೆ ನೋಡಬಾರದು, ಎದುರಾಳಿಯ ಅಂಕಿಅಂಶ ನೋಡಬೇಕು ಎಂದಿದ್ದ. ಚೇತನ್‌ಗೆ ಅದು ಮನಸ್ಸಿಗೆ ಹಿಡಿಸಿತು. ದಿನವಿಡೀ ಪರದೆಯ ಮೇಲೆ ಅಂಕಿ ನೋಡುವುದೇ ಅವನ ಉದ್ಯೋಗ. ಆಟಗಾರರ ಲೆಕ್ಕ ಇಡುವ ಒಂದು ಸಾಫ್ಟ್‌ವೇರನ್ನು ಫೋನಿಗೆ ಇಳಿಸಿಕೊಂಡ. ಆನ್‌ಲೈನ್ ಆಟದಲ್ಲಾದರೆ ಆ ಸಾಫ್ಟ್‌ವೇರು ತಾನೇ ಎಲ್ಲವನ್ನೂ ದಾಖಲಿಸುತ್ತದೆ. ಇಲ್ಲಿ ಕೈಯಿಂದ ಒತ್ತಬೇಕು. ಯಾರು ಆಡಿದರು, ಯಾರು ಏರಿಸಿದರು, ಯಾರು ಪ್ಯಾಕ್ ಅಂದು ಎಲೆ ಬಿಟ್ಟರು ಎಂದು ಎರಡು ತಿಂಗಳು ಮೇಜಿನ ಕೆಳಗೆ ಒತ್ತುತ್ತಲೇ ಇದ್ದ. ಹೊಸ ಹೆಂಡತಿಗೆ ಮೆಸೇಜು ಮಾಡುತ್ತಿದ್ದಾನೆಂದು ಉಳಿದವರು ನೋಡಿಯೂ ನೋಡದಂತಿದ್ದರು.

ಮೊದಲಿಗೆ ಅದರಿಂದ ಪ್ರಯೋಜನವೂ ಆಯಿತು. ಕಿರಣ್ ಏರಿಸಿದ ಅರ್ಧಕ್ಕರ್ಧ ಸಲ ಕೈಯಲ್ಲಿ ಏನೂ ಇರುವುದಿಲ್ಲ ಎಂದು ಫೋನು ಹೇಳಿತ್ತು. ಅವತ್ತು ಆರೂವರೆಯಿಂದ ಎರಡು ಸಲ ಚೇತನ್ ಅವನನ್ನು ಬಿಡದೆ ಹಿಡಿದು ಎಲೆ ತೋರಿಸೆಂದ. ಎರಡು ಸಲವೂ ಕಿರಣ್ ಕೈ ಬರಿದು. ಚೇತನ್ ಮುಂದೆ ಕಡಲೆಕಾಯಿ ಗುಡ್ಡೆ ಬಿತ್ತು. ಟಗರು ಕಣ್ಣ ಮುಂದೆ ಬಂತು.

ಆಮೇಲೆ ಭೀಮರಾಜು ಏರಿಸಲು ಶುರುಮಾಡಿದ. ಜೋಡಿ ರಾಣಿ ಹೋದ ಮೇಲೆ ಚೇತನ್ ಎಕ್ಕ ರಾಜ ಹಿಡಿದೂ ಓಡಿದ. ಅದಾದ ಮೇಲೆ ಜೋಡಿ ಹತ್ತು. ಬಂಡೆ ಹತ್ತು ನಿಮಿಷದಲ್ಲಿ ಐದು ಸಲ ಅಲುಗಾಡಿತ್ತು. ಇವತ್ತು ಭೀಮಣ್ಣನಿಗೆ ಎಲೆ ಸುರಿಯುತ್ತಿದೆ ಎಂದುಕೊಂಡ ಚೇತನ್, ಗಾಬರಿಯಾಗದೆ, ಅದನ್ನೂ ಫೋನಿಗೆ ಹಾಕಿಕೊಂಡ.

ಏಳೂ ಇಪ್ಪತ್ತೈದಕ್ಕೆ ಭೀಮರಾಜು ಮತ್ತೆ ಮುಂದಿದ್ದ ರಾಶಿಯನ್ನೆಲ್ಲ ದಬ್ಬಿದ. ಚೇತನ್ ತಕ್ಷಣ ಪ್ಯಾಕ್ ಅಂದ. ಕಿರಣ್ ಜೋಡಿ ಒಂಬತ್ತು ಹಿಡಿದುಕೊಂಡು, ಆಕಳಿಸುತ್ತ, ತನ್ನಲ್ಲಿದ್ದದ್ದನ್ನೆಲ್ಲ ಹಾಕಿ ಎಲೆ ಕೇಳಿದ. ಭೀಮರಾಜು ತೋರಿಸಿದ. ಏಳು, ನಾಲ್ಕು. ಬಣ್ಣವೂ ಒಂದೇ ಅಲ್ಲ. ದೊಡ್ಡ ರಾಶಿ ಕಿರಣ್ ಕಡೆ ಸರಿಯಿತು. ಚೇತನ್ ಈಗ ಎರಡನೆಯವನಾದ.

"ಭೀಮಣ್ಣ, ಏಳು ನಾಲ್ಕು ಇಟ್ಕಂಡು ಅಷ್ಟೊಂದು ದಬ್ಬುದ್ಯಾ?" ಎಂದ ಚೇತನ್.

"ಇನ್ನೇಮ್ ಚೇಸೇದಿ ಅಬ್ಬಾಯಿ, ಇನ್ನೇನ್ ಮಾಡ್ಲಿ. ಸುಮ್ಕೆ ಕುಂತ್ರೆ ನಿದ್ದೆ ಬತ್ತದೆ," ಎಂದ ಭೀಮರಾಜು, ಅರ್ಧ ತೆಲುಗಿನಲ್ಲಿ.

"ನೀನು ನೂರಕ್ಕೆ ಹನ್ನೊಂದೇ ಕಣಣ್ಣ ಆಡೋದು."

"ಯಾರ್ ಹೇಳಿದ್ದು?"

ಇನ್ನು ಮುಚ್ಚಿಡುವುದು ಸಾಧ್ಯವಿರಲಿಲ್ಲ. ಚೇತನ್ ಫೋನು ಮೇಲೆತ್ತಿ ತೋರಿಸಿದ. ಎರಡು ತಿಂಗಳು ಹೆಂಡತಿಗೆ ಮೆಸೇಜು ಮಾಡಿದ್ದಲ್ಲ ಎಂಬುದೇ ಕಿರಣ್‌ಗೆ ಹೆಚ್ಚು ಬೇಸರ ತಂದಂತೆ ಕಂಡಿತು. ಮುಸವೀರ್ ಫೋನು ಇಸಿದುಕೊಂಡು, ಬೆರಳಿನಿಂದ ತಳ್ಳುತ್ತ ಓದಿದ. ಮೀನಿನ ಚಿತ್ರ ಇರುವ ಸಾಲು ಯಾರದು ಎಂದು ಕೇಳಿದ. ತನ್ನದು ಎಂದ ಚೇತನ್. ಆ ಸಾಲನ್ನು ತೆರೆದು ನೋಡಿದ್ದೀಯಾ ಎಂದು ಕೇಳಿದ. ಇಲ್ಲ ಎಂದ. ಸೋತು ಸೋತು ಉಳಿದವರಿಗೆ ಪುಕ್ಕಟೆ ತಿನ್ನಿಸುವವನಿಗೆ ಸಾಫ್ಟ್‌ವೇರು ಮೀನಿನ ಚಿತ್ರ ಹಾಕುತ್ತದೆ. ಮುಸವೀರ್ ಅದನ್ನು ಅಲ್ಲಿಗೆ ಬಿಟ್ಟು ಭೀಮರಾಜುವಿನ ಸಾಲಿಗೆ ಬಂದ.

"ಭೀಮಣ್ಣ ರೌಂಡಿಗೆ ಹೋದಾಗ ಏನಂತ ಒತ್ತಿದೀಯ?"

"ಪ್ಯಾಕ್ ಅಂತ."

ಕಿರಣ್ ನಗಲು ಶುರುಮಾಡಿದ, ನಿಲ್ಲಿಸಲಾಗದೆ ಎದ್ದು ಕಿಟಕಿಯ ಹತ್ತಿರ ಹೋದ.

ಸಂಗತಿ ಇಷ್ಟೇ. ಸಂಜೆ ಡ್ಯೂಟಿಯ ಗಾರ್ಡು ಅರ್ಧ ಗಂಟೆಗೊಮ್ಮೆ ಬೇಲಿಯ ಸುತ್ತ ಹೋಗಿ ಕಂಬದ ಮೇಲಿನ ಕ್ಯೂಆರ್ ಕೋಡ್‌ಗೆ ಫೋನು ಹಿಡಿದು ಹಾಜರಿ ಹಾಕಿ ಬರಬೇಕು. ಭೀಮರಾಜು ಹೋಗಿ ಬರುವಷ್ಟರಲ್ಲಿ ಮುಂದಿನ ರೌಂಡು ಹತ್ತಿರವಾಗುತ್ತಿತ್ತು. ಅವನು ಕುರ್ಚಿಯಲ್ಲಿ ಕೂರುತ್ತಿದ್ದುದು ಐದು ನಿಮಿಷ. ಆದರೆ ಕ್ಯಾತಗಾನಚೆರ್ಲುವಿನ ಇಸ್ಪೀಟಿನಲ್ಲಿ ಎದ್ದು ಹೋದವನ ಜಾಗ ಹಾರಿಸುವಂತಿಲ್ಲ. ಹಾರಿಸಿದರೆ ಅವನ ಅದೃಷ್ಟ ಪಕ್ಕದವನಿಗೆ ಹೋಗುತ್ತದೆ. ಕಡಲೆಕಾಯಿ ಅವನದು, ಆದ್ದರಿಂದ ಇಲ್ಲೂ ಅದೇ ಪದ್ಧತಿ. ಖಾಲಿ ಕುರ್ಚಿಯ ಮುಂದೆ ಪ್ರತಿ ಸಲ ಎರಡು ಎಲೆ ಬೀಳುತ್ತಿದ್ದವು, ಯಾರೂ ನೋಡದೆ ಅವು ಇಸ್ಪೀಟಿನ ಕಟ್ಟಿಗೆ ವಾಪಸು ಸೇರುತ್ತಿದ್ದವು. ಅವನ್ನೆಲ್ಲ ಚೇತನ್ ಭೀಮರಾಜುವಿನ ಎಚ್ಚರಿಕೆ ಎಂದು ಬರೆದುಕೊಂಡಿದ್ದ. ಆ ವಾರ ಭೀಮರಾಜುವಿಗೆ ಬೆಳಗಿನ ಡ್ಯೂಟಿ, ಅದನ್ನು ಮುಗಿಸಿ ಆಟಕ್ಕೆಂದು ಉಳಿದಿದ್ದ. ಅವತ್ತು ಅವನು ಸಂಜೆಯಿಂದ ಕುರ್ಚಿ ಬಿಟ್ಟು ಎದ್ದೇ ಇರಲಿಲ್ಲ.

"ಲೇ," ಎಂದ ಮುಸವೀರ್, "ರಾತ್ರಿ ಇನ್ವರ್ಟರು ಸೊನ್ನೆ ತೋರಿಸ್ತು ಅಂತ ಪ್ಯಾನೆಲ್ ಕೆಟ್ಟೋಯ್ತು ಅಂತ ರಿಪೋರ್ಟ್ ಬರೀತೀಯೇನ್ಲಾ?"

ಇಂಥದೇ ರಿಪೋರ್ಟು ಬರೆದ ಟ್ರೈನಿಯೊಬ್ಬನನ್ನು ಹಿಂದಿನ ತಿಂಗಳು ಗದರಿಸಿದ್ದವನು ಚೇತನ್ನೇ. ಎರಡು ನಿಮಿಷ ಕೊಡಿ ಎಂದು ಕೇಳಿ, ಖಾಲಿ ಕುರ್ಚಿಯ ಆಟಗಳನ್ನೆಲ್ಲ ಒಂದೊಂದಾಗಿ ಅಳಿಸಲು ಕೂತ. ಎರಡು ನಿಮಿಷ ಇಪ್ಪತ್ತಾಯಿತು. ಭೀಮರಾಜು ಆ ಹೊತ್ತಿನಲ್ಲಿ ಗಣನೀಯ ಪ್ರಮಾಣದ ಬಂಡವಾಳ ತಿಂದ. ತಿಂದರೆ ಲೆಕ್ಕದಿಂದ ಹೊರಗೆ ಎಂದು ಮುಸವೀರ್ ತೀರ್ಪು ಕೊಟ್ಟಿದ್ದರಿಂದ ಚೀಲದಿಂದ ಮತ್ತಷ್ಟು ತೆಗೆದು ಭರ್ತಿ ಮಾಡಿಕೊಂಡ.

ಹೊಸ ಅಂಕಿ ಬಂತು. ಭೀಮರಾಜು ನೂರಕ್ಕೆ ಎಪ್ಪತ್ತು ಆಡುತ್ತಾನೆ. ಬಂಡೆಯ ಚಿತ್ರ ಹೋಗಿ ಅಲ್ಲಿ ಗೂಳಿ ಬಂದಿತ್ತು. ಚೇತನ್ ಆ ಗೂಳಿಯನ್ನು ಸ್ವಲ್ಪ ಹೊತ್ತು ನೋಡಿದ. ಎರಡು ತಿಂಗಳಲ್ಲಿ ಮೊದಲ ಸಲ ಅವನಿಗೆ ಎದುರು ಕೂತ ಮನುಷ್ಯ ಯಾರೆಂದು ಗೊತ್ತಾಗಿತ್ತು.

ಏಳೂ ಐವತ್ತೆರಡಕ್ಕೆ ಕೊನೆಯ ಆಟ ಹಂಚಿದರು. ಚೇತನ್‌ಗೆ ಜೋಡಿ ಗುಲಾಮ ಬಂತು. ಕಿರಣ್ ತನ್ನ ರಾಶಿಗೆ ಕೈ ಅಡ್ಡ ಇಟ್ಟುಕೊಂಡು ಪ್ಯಾಕ್ ಅಂದ; ಅವನಿಗೆ ಗುಡ್ಡೆಬಾಡು ಖಾತ್ರಿಯಾಗಿತ್ತು. ಭೀಮರಾಜು ಯಾವತ್ತಿನಂತೆ ಇದ್ದದ್ದನ್ನೆಲ್ಲ ದಬ್ಬಿದ. ನೂರಕ್ಕೆ ಎಪ್ಪತ್ತು ಆಡುವವನ ಮುಂದೆ ಜೋಡಿ ಗುಲಾಮ ಬಿಡುವುದು ಮೂರ್ಖತನ. ಇದನ್ನು ಗೆದ್ದರೆ ಕಿರಣ್‌ನನ್ನು ದಾಟಿ ಹೋಗಬಹುದು. ಚೇತನ್ ಹೆದರಲಿಲ್ಲ, ಫೋನು ಕೂಡ ನೋಡಲಿಲ್ಲ. ತನ್ನಲ್ಲಿದ್ದದ್ದನ್ನೆಲ್ಲ ನಡುವೆ ಸರಿಸಿ, ತೋರಿಸು ಭೀಮಣ್ಣ ಎಂದ.

ಭೀಮರಾಜು ತೋರಿಸಿದ. ಇಸ್ಪೀಟ್ ಎಕ್ಕ, ಆಟಿನ್ ಎಕ್ಕ.

ನೆಲಕ್ಕೆ ಬಿದ್ದ ಐದು ಎಲೆಯಲ್ಲಿ ಚೇತನ್‌ಗೆ ಬೇಕಾದದ್ದು ಒಂದೂ ಇರಲಿಲ್ಲ. ಭೀಮರಾಜುವಿಗೇ ಒಂದಿಷ್ಟು ನಾಚಿಕೆಯಾಯಿತು.

"ಎರಡು ಎಕ್ಕ ಬಂದ್ರೆ ನಾನೇನ್ ಮಾಡ್ಲಿ ಅಬ್ಬಾಯಿ. ಬ್ಯಾಡ ಅನ್ನಕ್ಕಾಯ್ತದಾ?"

"ಈಗ ನಿನ್ನ ಲೆಕ್ಕ ಸರಿ ಐತೆ ಭಾಯ್," ಎಂದ ಮುಸವೀರ್, ಫೋನಿನಲ್ಲಿದ್ದ ಗೂಳಿಯತ್ತ ನೋಡುತ್ತ. "ಸೋತಿದ್ದೂ ಸರಿ ಐತೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ."

ಬಸ್ಸಿನ ಹಾರನ್ ಕೇಳಿಸಿತು. ಭೀಮರಾಜು ಮೇಜಿನ ಮೇಲಿದ್ದ ಕಡಲೆಕಾಯಿಯನ್ನೆಲ್ಲ, ಕಿರಣ್ ಗೆದ್ದದ್ದನ್ನೂ ಸೇರಿಸಿ, ಚಟ್ನಿಗೆ ಆಗುತ್ತದೆ ಎಂದು ಚೀಲಕ್ಕೆ ಸುರಿದುಕೊಂಡ.

ಪಾವಗಡದ ದಾರಿಯಲ್ಲಿ ಚೇತನ್ ರಕ್ಷಾಗೆ ಫೋನು ಮಾಡಿ, ಹೊಸತೊಡಕಿನ ದಿನ ತನಗೇ ಡ್ಯೂಟಿ ಬಿದ್ದಿದೆ ಎಂದು ತಿಳಿಸಿದ.

"ಯಾರ್ರೀ ಹಾಕಿದ್ದು ನಿಮ್ಗೇ ಡ್ಯೂಟಿನ?"

ಚೇತನ್ ಯೋಚಿಸಿ, "ಸಾಫ್ಟ್‌ವೇರು," ಎಂದ.

ರಕ್ಷಾ ಕಂಪನಿಯ ಸಾಫ್ಟ್‌ವೇರೆಂದು ತಿಳಿದು, ಅದನ್ನು ಮಾಡಿದವರ ಮನೆಯವರನ್ನೂ ಸೇರಿಸಿ ಬೈದಳು. ಮುಂದಿನ ಸೀಟಿನಲ್ಲಿದ್ದ ಕಿರಣ್‌ಗೂ ಅದು ಕೇಳಿಸಿತು. ಆಮೇಲೆ ಅವಳು, ಅಳಿಯನ ಪಾಲಿನ ತಲೆಮಾಂಸ ತೆಗೆದಿಡಲು ಆಗುವುದಿಲ್ಲ, ದೊಡ್ಡಮ್ಮನ ಅಳಿಯ ಬರುತ್ತಾನೆ ಎಂದು ತಿಳಿಸಿ ಫೋನಿಟ್ಟಳು.

ಹೊಸತೊಡಕಿನ ದಿನ ಬೆಳಗ್ಗೆ ಆರಕ್ಕೆ ಚೇತನ್ ಕುಮಾರ್ ಕಂಟ್ರೋಲ್ ರೂಮಿನಲ್ಲಿ ಹಾಜರಿ ಹಾಕಿದ. ಮೋಡವಿರಲಿಲ್ಲ, ಯಾವ ಇನ್ವರ್ಟರೂ ತೊಂದರೆ ಕೊಡಲಿಲ್ಲ. ಆ ವಾರವೇ ಬುಧವಾರ ರಜೆ ಹಾಕಿ ಹೆಂಡತಿಯನ್ನು ಕರೆತರಲು ಮಧುಗಿರಿ ಕಡೆಗೆ ಹೋದ. ಗಂಗಹನುಮಯ್ಯನವರ ಮನೆಯಲ್ಲಿ ಅವತ್ತು ಅಳಿಯನಿಗೆ ಕೋಳಿ ಸಾರು ಮಾಡಿದ್ದರು.